ಒಂದು ಗೇಣು ಸಾಲದ ಟ್ರಸ್ಸು

ಜವರಯ್ಯನವರ ಮನೆಯಲ್ಲಿ ಆ ಬೇಸಿಗೆಯಷ್ಟೂ ಬಿಸಿ ಮುದ್ದೆಯನ್ನು ಬಿಸಿಯಾಗಿ ಉಂಡವರಿಲ್ಲ. ತಟ್ಟೆ ಮುಂದೆ ಕೂತರೆ ಸಾಕು, ಹೊಸ ಮನೆಯ ಸೂರಿನ ಜಗಳ ಶುರು. ಚಿನಕುರಳಿಯ ಮಗ್ಗುಲಿನ ಆ ಊರಲ್ಲಿ ಈಚೆಗೆ ಎದ್ದ ಮನೆಗಳೆಲ್ಲ ಸಿಮೆಂಟ್ ಚಾವಣಿಯ ಮೋಲ್ಡ್ ಮನೆಗಳೇ. ನಮ್ಮದೂ ಹಾಗೇ ಆಗಲಿ, ಮೇಲೆ ರಾಗಿ ಒಣಗಿಸಬಹುದು ಎಂದು ಜವರಯ್ಯ. ರೂಮುಗಳಿಗೆ ಮೋಲ್ಡ್ ಇರಲಿ, ನಡುವಿನ ದೊಡ್ಡ ಹಾಲಿಗೆ ಮಾತ್ರ ಮರದ ಟ್ರಸ್ಸು ಕೂರಿಸಿ ಹೆಂಚು ಹೊದಿಸೋಣ ಎಂದು ಸೊಸೆ ಪ್ರಮೀಳಾ.

ಟ್ರಸ್ಸು ಅಂದರೆ ಬೇರೇನಲ್ಲ, ಎದುರುಬದುರು ಗೋಡೆಗಳ ಮೇಲೆ ಕಾಲೂರಿ ನಿಲ್ಲುವ ಮರದ ತ್ರಿಕೋನ. ಅಂಥವನ್ನು ಸಾಲಾಗಿ ನಿಲ್ಲಿಸಿ, ಮೇಲೆ ರೀಪು ಹೊಡೆದು, ಹೆಂಚು ಹೊದಿಸಿದರೆ ಆಯಿತು. ಹಾಲಿನ ನಡುವೆ ಒಂದು ಕಂಬವೂ ಬೇಡ, ಬೇಸಿಗೆಯಲ್ಲಿ ತಣ್ಣಗಿರುತ್ತದೆ. ಈಗಿದ್ದ ಶೀಟಿನ ಮನೆಯಲ್ಲಿ ಮಧ್ಯಾಹ್ನವಾದರೆ ಅತ್ತೆ ಪುಟ್ಟಗೌರಮ್ಮ ತಲೆ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಹೊಂಗೆಮರದ ಕೆಳಗೆ ಕೂರುತ್ತಿದ್ದರು. ಅವರಿಗೂ ಒಳಗೊಳಗೆ ಸೊಸೆಯ ಮಾತೇ ಹಿಡಿಸಿತ್ತು. ಆದರೆ ಗಂಡನ ಎದುರಿಗೆ ಅಂದುಬಿಡುವಷ್ಟು ಬಾಯಿ ಆಕೆಗೆ ಯಾವತ್ತೂ ಇರಲಿಲ್ಲ.

ಪ್ರಮೀಳಾ ಸುಮ್ಮನೆ ಹೇಳಿದವಳಲ್ಲ. ಬಾಬುರಾಯನಕೊಪ್ಪಲಿನಲ್ಲಿ ಮೈಸೂರು ರಸ್ತೆಗೆ ಮುಖ ಮಾಡಿದ್ದ ಒಂದು ಇಂಜಿನಿಯರ್ ಆಫೀಸಿನಲ್ಲಿ ಮನೆಗಳ ಪ್ಲಾನು ಬರೆಯುವುದೇ ಅವಳ ಕೆಲಸ. ಊರೂರಿನವರ ಮನೆಗೆಲ್ಲ ಗೆರೆ ಎಳೆದುಕೊಟ್ಟವಳಿಗೆ ತಾನಿರುವ ಮನೆಯಲ್ಲಿ ಒಂದು ಮಾತು ನಡೆಯುವುದು ಬೇಡವೇ? ಗಂಡ ಲೋಕೇಶ್ ಹಾಲಿನ ಡೈರಿ ಸೆಕ್ರೆಟರಿ. ಅಪ್ಪ ಮಾತಾಡಿದರೆ ಅಪ್ಪನಿಗೆ, ಹೆಂಡತಿ ಮಾತಾಡಿದರೆ ಹೆಂಡತಿಗೆ ತಲೆಯಾಡಿಸುವ ಆಸಾಮಿ. ಅವನನ್ನು ನಂಬಿಕೊಂಡರೆ ಕೆಲಸ ಕೆಟ್ಟಿತೆಂದು ಅವಳೇ ಮಾವನ ಜತೆ ವಾರಗಟ್ಟಲೆ ವಾದ ಮಾಡಿದಳು. ಕಡೆಗೊಂದು ದಿನ ಜವರಯ್ಯ ತಟ್ಟೆಯಲ್ಲೇ ಕೈ ತೊಳೆದು ತೀರ್ಮಾನ ಹೇಳಿದರು.

"ಆಗ್ಲಿ ಕಣವ್ವ. ನೀನೇ ಮುಂದೆ ನಿಂತ್ಕಂಡು ಮಾಡ್ಸು. ಎಚ್ಚುಕಮ್ಮಿ ಆಯ್ತೋ, ಆಮೇಲೆ ಆಫೀಸು ಗೀಫೀಸು ಎಲ್ಲ ಬುಟ್ಟು ಮನೇಲಿ ಹಸ ನೋಡ್ಕಂಡಿರ್ಬೇಕು."

"ಆಯ್ತು ಮಾವ. ಬುಡ್ತೀನಿ" ಎಂದಳು ಪ್ರಮೀಳಾ. ಅವಳಿಗೆ ತನ್ನ ಅಳತೆಯ ಮೇಲೆ ಅಷ್ಟು ಧೈರ್ಯ. ಲೋಕೇಶ್ ತಟ್ಟೆಯಿಂದ ತಲೆ ಎತ್ತಲಿಲ್ಲ.

ಟ್ರಸ್ಸು ಮಾಡಿಕೊಡುವ ನಾಗಾರ್ಜುನನ ವರ್ಕ್‌ಶಾಪು ಕೆ.ಆರ್. ಪೇಟೆಯಲ್ಲಿತ್ತು. ಅದು ಅವಳ ತವರಿನ ಕಡೆ. ತವರಿನವರಿಗೆ ವ್ಯಾಪಾರ ಮಾಡಿಸುತ್ತಿದ್ದಾಳೆ ಎಂಬ ಮಾತು ಬರಬಾರದೆಂದು ಅವಳು ಮಾವನನ್ನೂ ಗಂಡನನ್ನೂ ಕರೆದುಕೊಂಡೇ ಹೋದಳು. ಜವರಯ್ಯ ಮರವನ್ನೆಲ್ಲ ಗೆಣ್ಣಿನಿಂದ ತಟ್ಟಿ ನೋಡಿ, ಹಾಕಿದರೆ ತೇಗವನ್ನೇ ಹಾಕಬೇಕು, ಬಂದವರು ತಲೆ ಎತ್ತಿ ನೋಡಬೇಕು ಅಂದರು. ತೇಗಕ್ಕೆ ಸುರಿಯುವ ದುಡ್ಡಿನಲ್ಲಿ ಬಚ್ಚಲು, ಅಡಿಗೆಮನೆ ಎರಡೂ ಮುಗಿಯುತ್ತವೆ, ಹೊನ್ನೆ ಗೆದ್ದಲಿಗೂ ಜಗ್ಗುವುದಿಲ್ಲ ಭಾರಕ್ಕೂ ಜಗ್ಗುವುದಿಲ್ಲ ಎಂದು ಪ್ರಮೀಳಾ ಹೊನ್ನೆಯನ್ನೇ ಹಿಡಿದಳು. ಒಂದೊಂದು ಮರವನ್ನೂ ತಿರುಗಿಸಿ ನೋಡಿ, ಸೀಳು ಬಿಟ್ಟಿದ್ದನ್ನೂ ಹಸಿ ಇದ್ದದ್ದನ್ನೂ ಪಕ್ಕಕ್ಕೆ ಎತ್ತಿಡಿಸಿದಳು. ಜವರಯ್ಯನವರಿಗೆ ಅಲ್ಲಿ ತಮ್ಮ ಮಾತಿಗೆ ಬೆಲೆಯಿಲ್ಲ ಅನ್ನಿಸಿತೋ ಏನೋ, ಗೇಟಿನಾಚೆ ಟೀ ಅಂಗಡಿಗೆ ನಡೆದರು. ಲೋಕೇಶ್ ಅವರ ಹಿಂದೆಯೇ ಹೋದ.

ಹಾಗಾಗಿ ನಾಗಾರ್ಜುನ ಮುಖ್ಯವಾದ ಮಾತು ಹೇಳುವಾಗ ಅವಳೊಬ್ಬಳೇ ಇದ್ದಳು. ಮರವನ್ನೆಲ್ಲ ಇಲ್ಲೇ ಅಳತೆಗೆ ಕುಯ್ದು, ಕಬ್ಬಿಣದ ಪಟ್ಟಿ ಇಟ್ಟು ಬೋಲ್ಟು ಬಿಗಿದು, ಪೂರ್ತಿ ಟ್ರಸ್ಸನ್ನೇ ಲಾರಿಗೆ ಹಾಕಿ ತರುತ್ತೇವೆ, ಅಲ್ಲಿಗೆ ಬಂದ ಮೇಲೆ ಉದ್ದ ಮಾಡುವುದಾಗಲಿ ಗಿಡ್ಡ ಮಾಡುವುದಾಗಲಿ ಆಗುವುದಿಲ್ಲ ಎಂದ ಅವನು. ಪ್ರಮೀಳಾ ಆಗಲೇ ತಳಪಾಯದ ಮೇಲೆ ಗೋಡೆ ಗುರುತು ಹಾಕಿದ್ದನ್ನು ತಾನೇ ಟೇಪು ಹಿಡಿದು ಅಳೆದಿದ್ದಳು. ಗೋಡೆಯ ಹೊರಮೈಯಿಂದ ಹೊರಮೈಗೆ ಅಳತೆ ಕೊಟ್ಟಳು. ಆಮೇಲೆ ಹಿಂದಿರುಗುವಾಗ ದಾರಿಯಲ್ಲಿ ಗಂಡನಿಗೂ ಮಾವನಿಗೂ ಅದನ್ನೇ ಹೇಳಿದಳು. ಅವರು ಕೇಳಿಸಿಕೊಂಡರೋ ಇಲ್ಲವೋ ಆ ಶಿವನಿಗೇ ಗೊತ್ತು.

ಮಂಚಯ್ಯ ಅಂತ ಗಾರೆ ಮೇಸ್ತ್ರಿ. ಅವನ ಆಳುಗಳು ಇಟ್ಟಿಗೆ ಕಟ್ಟಲು ಶುರು ಮಾಡಿ ಗೋಡೆ ಮೊಣಕಾಲೆತ್ತರ ಬಂದಿತ್ತು. ಅಷ್ಟರಲ್ಲಿ ಪ್ರಮೀಳಾಳ ತಾಯಿಗೆ ಕಣ್ಣಿನ ಆಪರೇಷನ್ ಆಯಿತು. ತನ್ನ ಪುಟ್ಟ ಮಗಳು ಚಿನ್ನುವನ್ನು ಕರೆದುಕೊಂಡು ಅವಳು ತವರಿಗೆ ಹೋದಳು. ಅವಳು ಅಲ್ಲಿದ್ದಾಗಲೇ ನಾಗಾರ್ಜುನ ಫೋನು ಮಾಡಿ, ನಾಳೆ ಮರ ಕುಯ್ಯುತ್ತೇವೆ, ಅಳತೆ ಇನ್ನೊಂದು ಸಲ ನೋಡಿಕೊಂಡು ಹೇಳಿ ಅಂದ. ಅವಳು ಲೋಕೇಶನಿಗೆ ಫೋನು ಹಚ್ಚಿ, ಟೇಪು ಹಿಡಿದು ಅಳೆದು ಹೇಳಿ ಅಂದಳು. ಸ್ವಲ್ಪ ಹೊತ್ತಿಗೆ ಅವನೇ ಮಾಡಿದ. ಅಳೆದೆ, ಮೊದಲಿನದೇ ಇದೆ ಎಂದ. ಅವಳು ಅದನ್ನೇ ನಾಗಾರ್ಜುನನಿಗೆ ದಾಟಿಸಿದಳು.

ಟ್ರಸ್ಸು ಎತ್ತಿಸುವ ದಿನ ಜವರಯ್ಯ ಊರಿನ ಹಿರಿಯರನ್ನೂ ನೆಂಟರಿಷ್ಟರನ್ನೂ ಕರೆದಿದ್ದರು. ಪುಟ್ಟಗೌರಮ್ಮನೂ ಪ್ರಮೀಳಾಳೂ ಕೋಳಿ ಕೂಗುವುದಕ್ಕೆ ಮೊದಲೇ ಎದ್ದು ಆಳುಕಾಳಿಗೆಲ್ಲ ಹೆಸರುಕಾಳು ಸಾರು, ಅನ್ನ, ಪಾಯಸ ಮಾಡಿ ಇಳಿಸಿದರು. ಮೊದಲ ಟ್ರಸ್ಸಿಗೆ ಅರಿಸಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಪ್ರಮೀಳಾಳೇ ಆರತಿ ಎತ್ತಿದಳು. ಆ ಹೊನ್ನೆಯ ಬಣ್ಣ ನೋಡಿ ಬಂದವರೆಲ್ಲ ಭೇಷ್ ಅಂದರು. ಹಗ್ಗ, ಚೈನ್ ಪುಲ್ಲಿ ಕಟ್ಟಿ ಎಳೆದರು. ಉತ್ತರದ ಕಡೆ ಕಾಲು ಗೋಡೆ ಮೇಲೆ ಸರಿಯಾಗಿ ಕೂತಿತು. ದಕ್ಷಿಣದ ಕಾಲು ಗೋಡೆಯ ಒಳಮೈಗೆ ತಾಕಿಕೊಂಡು ತೂಗಾಡಿತು. ಸರಿಯಾಗಿ ಒಂದು ಗೇಣು ಸಾಲದು.

ಎಳೆದರು, ತಳ್ಳಿದರು, ಇಳಿಸಿ ಎರಡನೆಯದನ್ನು ಎತ್ತಿದರು. ಅದೂ ಅಷ್ಟೇ. ನಾಗಾರ್ಜುನ ಟ್ರಸ್ಸಿಗೆ ಟೇಪು ಹಿಡಿದು, ನೀವು ಕೊಟ್ಟ ಅಳತೆಗೆ ಒಂದು ನೂಲೂ ವ್ಯತ್ಯಾಸವಿಲ್ಲ ನೋಡಿಕೊಳ್ಳಿ ಅಂದ. ಎಲ್ಲರ ಕಣ್ಣೂ ಪ್ರಮೀಳಾಳ ಕಡೆ ತಿರುಗಿತು. ಅವಳ ಕೈಯಲ್ಲಿ ಇನ್ನೂ ಆರತಿ ತಟ್ಟೆಯಿತ್ತು.

"ಎಂಗಸ್ರು ಕೈಗೆ ಟೇಪು ಕೊಟ್ರೆ ಇನ್ನೇನಾದದು" ಎಂದರು ಜವರಯ್ಯ, ಎಲ್ಲರಿಗೂ ಕೇಳಿಸುವ ಹಾಗೆ. "ಊರೋರ್ಗೆಲ್ಲ ಪ್ಲಾನ್ ಬರೀತಾಳಂತೆ. ಗೇಣುದ್ದ ನುಂಗವ್ಳೆ ನೋಡ್ರಪ್ಪ."

ನಾಲ್ಕು ಜನ ನಕ್ಕರು. ನಗದವರು ಪಾಪ ಅಂದರು. ಪ್ರಮೀಳಾಳಿಗೆ ಆ ಪಾಪ ಅಂದದ್ದೇ ನಗುವಿಗಿಂತ ಹೆಚ್ಚು ಉರಿಯಿತು. ಪಾಯಸವನ್ನೇನೂ ಯಾರೂ ಬಿಡಲಿಲ್ಲ, ಚೆನ್ನಾಗಿಯೇ ಉಂಡು ಹೋದರು.

ಅವತ್ತು ಸಂಜೆ ಜವರಯ್ಯ ಜಗಲಿ ಮೇಲೆ ಕೂತು, ಈ ತಿಂಗಳು ಮುಗಿದ ಮೇಲೆ ಸೊಸೆ ಆಫೀಸಿಗೆ ಹೋಗುವಂತಿಲ್ಲ ಎಂದು ಮಗನಿಗೆ ಹೇಳಿದರು. ಹಾಲಿನಲ್ಲಿ ಎರಡು ಸಿಮೆಂಟ್ ಕಂಬ ಎಬ್ಬಿಸಿ ಅದರ ಮೇಲೆ ಟ್ರಸ್ಸು ಕೂರಿಸುವುದೆಂದೂ ಅವರೇ ತೀರ್ಮಾನ ಮಾಡಿದರು. ಲೋಕೇಶ್ ಬಂದು ಅವಳಿಗೆ ಸಮಾಧಾನ ಹೇಳಿದ. ಮಾತು ಕೊಟ್ಟಿದ್ದೀಯ, ಆರು ತಿಂಗಳು ಮನೆಯಲ್ಲಿರು, ಆಮೇಲೆ ಅಪ್ಪ ತಣ್ಣಗಾಗುತ್ತಾರೆ ಎಂದ. ಎಂಥ ಸಮಾಧಾನವಪ್ಪಾ ಅದು! ಗಾಯಕ್ಕೆ ಖಾರದಪುಡಿ ಹಚ್ಚಿ ಊದಿದ ಹಾಗೆ. ತಾನೇ ಎಲ್ಲೋ ತಪ್ಪಿದ್ದೇನೆ ಎಂದು ಅವಳೂ ನಂಬಿಬಿಟ್ಟಿದ್ದಳು. ಟೇಪಿನ ತುದಿ ಜಾರಿತೇ, ಓದುವಾಗ ಕಣ್ಣು ತಪ್ಪಿತೇ ಎಂದು ಪಾತ್ರೆ ಬೆಳಗುವಾಗಲೂ ಅದೇ ಯೋಚನೆ.

ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಿದವಳೇ ಟೇಪು ಎತ್ತಿಕೊಂಡು ಹೊಸ ಮನೆ ಹತ್ತಿರ ಹೋದಳು. ದಕ್ಷಿಣದ ಗೋಡೆಯ ಹೊರಗೆ ಅವಳು ತವರಿಂದ ಬಂದಾಗಿನಿಂದಲೂ ಮರಳಿನ ರಾಶಿಯಿತ್ತು. ಗಾರೆ ಕೆಲಸಕ್ಕೆ ಬಳಸಿ ಬಳಸಿ ಈಗ ಅದು ಕರಗಿ, ತಳಪಾಯ ಕಾಣುತ್ತಿತ್ತು. ನೋಡುತ್ತಾಳೆ, ಅವಳ ತಳಪಾಯದ ಮಗ್ಗುಲಿಗೆ ಅಂಟಿಕೊಂಡು ಸೈಜುಗಲ್ಲಿನ ಇನ್ನೊಂದು ಸಾಲು. ಮೊದಲಿನ ಕಲ್ಲಿಗೆ ಮಳೆ ನೀರಿನ ಕಲೆ ಹಿಡಿದಿದೆ, ಈ ಸಾಲು ಹೊಸದು. ಗೋಡೆ ಆ ಹೊಸ ಸಾಲಿನ ಮೇಲೆ ನಿಂತಿದೆ. ಹಳೇ ತಳಪಾಯದ ಗುರುತಿಗೆ ಟೇಪು ಹಿಡಿದಳು. ಅವಳು ಕೊಟ್ಟ ಅಳತೆಯೇ ಬಂತು, ಕೂದಲೆಳೆಯಷ್ಟೂ ತಪ್ಪಿಲ್ಲ. ಸರಿದದ್ದು ಗೋಡೆ.

ಮಂಚಯ್ಯ ಆಗಷ್ಟೇ ಬಂದು ಬೀಡಿ ಹಚ್ಚುತ್ತಿದ್ದ. ಇದೇನು ಎಂದು ಕಲ್ಲು ತೋರಿಸಿದಳು. ಅವನು ಬೀಡಿಯನ್ನು ನೆಲಕ್ಕೆ ಹಾಕಿ ಉಜ್ಜಿ, ನನ್ನದೇನೂ ಇಲ್ಲ, ನಿಮ್ಮ ಮಾವ ಹೇಳಿದರು, ಕಟ್ಟಿದೆ, ನಿಮಗೂ ತಿಳಿದಿದೆ ಅಂತಲೇ ಅಂದುಕೊಂಡಿದ್ದೆ ಎಂದ. ನಿನ್ನೆ ಅಷ್ಟು ಜನರ ಮುಂದೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದ್ದಕ್ಕೆ ಅವನು ಕರಣಿ ಎತ್ತಿಕೊಂಡು ಗಾರೆ ಕಲಸಲು ಹೋದ. ಕೂಲಿ ಕೊಡುವವರ ಮುಂದೆ ಯಾರಿಗೆ ತಾನೇ ಬಾಯಿ ಬರುತ್ತದೆ!

ಮನೆಗೆ ಬಂದಾಗ ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಪ್ರಮೀಳಾ ನಿಂತಲ್ಲೇ ಕೇಳಿದಳು. ಪುಟ್ಟಗೌರಮ್ಮ ಸೊಪ್ಪಿನಿಂದ ಕಣ್ಣು ಎತ್ತದೆಯೇ ಎಲ್ಲವನ್ನೂ ಹೇಳಿದರು. ಅವಳು ತವರಿಗೆ ಹೋದ ಮಾರನೆ ದಿನ ಜವರಯ್ಯ ನಾಗಮಂಗಲದ ಕಡೆ ಬೀಗರೂಟಕ್ಕೆ ಹೋಗಿ, ವಾಪಸು ಬರುವಾಗ ಹೊಣಕೆರೆಯಿಂದ ಚೌಡಯ್ಯ ಎಂಬ ಆಯ ನೋಡುವವನನ್ನು, ಅಂದರೆ ಮನೆಯ ಅಳತೆ ಶುಭವೋ ಅಶುಭವೋ ಎಂದು ಹೇಳುವವನನ್ನು, ಕರೆತಂದರಂತೆ. ಆತ ಹಾಲಿನ ಉದ್ದ ಅಗಲವನ್ನು ಕೋಲಿನಿಂದ ಅಳೆದು, ಗುಣಿಸಿ ಭಾಗಿಸಿ, ಇದು ಕಾಕಾಯಕ್ಕೆ ಬಿದ್ದಿದೆ, ಮನೆಯ ಯಜಮಾನ ಉಳಿಯುವುದಿಲ್ಲ, ಗೇಣುದ್ದ ಹಿಗ್ಗಿಸಿದರೆ ಶುಭದ ಗಜಾಯ ಬರುತ್ತದೆ ಎಂದನಂತೆ. ಅವಳು ಬರುವುದರೊಳಗೆ ಗೋಡೆ ಕೆಡವಿಸಿ, ಹೊರಗೆ ಕಲ್ಲು ಕಟ್ಟಿಸಿ, ಮತ್ತೆ ಎಬ್ಬಿಸಿದರಂತೆ. ಓದಿದವಳು, ಕೇಳಿದರೆ ತಕರಾರು ಎತ್ತುತ್ತಾಳೆ, ಬಂದ ಮೇಲೂ ಹೇಳಬೇಡಿ ಎಂದು ಮನೆಯವರಿಗೆಲ್ಲ ತಾಕೀತು.

"ಮನೆಯವ್ರಿಗೆಲ್ಲ ಅಂದ್ರೆ?" ಎಂದಳು ಪ್ರಮೀಳಾ.

"ಲೋಕೇಸಂಗೂ ಗೊತ್ತು ಕಣವ್ವ. ಬುಡು ಅತ್ಲಾಗೆ. ಗಂಡಸ್ರು ಮರ್ವಾದಿ ತಗುದು ನಿಂಗೇನು ಬರ್ಬೇಕು?"

ಪ್ರಮೀಳಾ ಅಲ್ಲಿಂದಲೇ ಕೊಟ್ಟಿಗೆ ಕಡೆ ನಡೆದಳು. ತನ್ನ ಮರ್ಯಾದೆಯನ್ನು ಪಾಯಸದ ಜತೆ ಊರಿಗೆಲ್ಲ ಬಡಿಸಿದಾಗ ಯಾರಿಗೂ ಏನೂ ಅನ್ನಿಸಲಿಲ್ಲವಲ್ಲ!

ಲೋಕೇಶ್ ಕೊಟ್ಟಿಗೆಯಲ್ಲಿ ಕ್ಯಾನು ತೊಳೆಯುತ್ತಿದ್ದ. ಅಳೆದೆ ಅಂತ ಫೋನಿನಲ್ಲಿ ಹೇಳಿದಿರಲ್ಲ ಎಂದು ಕೇಳಿದಳು. ಅವನು ಕ್ಯಾನಿನೊಳಗೇ ಮಾತಾಡಿದ. ಡೈರಿಗೆ ಹೊತ್ತಾಗಿತ್ತು, ಅಪ್ಪನನ್ನು ಕೇಳಿದೆ, ಮರದವರು ಉದ್ದಕ್ಕೇ ತರುತ್ತಾರೆ, ಏನೂ ಆಗಲ್ಲ, ಅದೇ ಅಂತ ಹೇಳು ಅಂದರು, ಹೇಳಿದೆ ಎಂದ. ಗೋಡೆ ಸರಿಸಿದ್ದು ಕಣ್ಣಾರೆ ನೋಡಿಯೂ ಹಾಗೆ ಹೇಳಿದವನಿಗೆ ಇನ್ನೇನು ಹೇಳುವುದು? ಅವಳು ತೊಳೆದಿಟ್ಟ ಕ್ಯಾನನ್ನು ಕಾಲಿನಿಂದ ಒದ್ದಳು. ಅದು ಉರುಳಿಕೊಂಡು ಅಂಗಳಕ್ಕೆ ಹೋಯಿತು. ಜವರಯ್ಯ ಅಲ್ಲೇ ಹೊಲದಿಂದ ಬರುತ್ತಿದ್ದರು.

"ಮಾವ, ಗೋಡೆ ಎಳೆಸಿದ್ದು ನೀವಾ?"

ಜವರಯ್ಯ ಹೆಂಡತಿಯ ಕಡೆ ಒಂದು ಸಲ, ಮಗನ ಕಡೆ ಒಂದು ಸಲ ನೋಡಿದರು. "ಊಂ ಕಣವ್ವ, ನಾನೇ. ಕಾಕಾಯದ ಮನೇಲಿ ಯಜಮಾನ ಉಳಿಯಕಿಲ್ಲ ಅಂದ ಅವನು. ಮನೆ ಯಾರ ಎಸ್ರಲ್ಲಿ ಅದೆ? ನಿನ್ ಗಂಡನ ಎಸ್ರಲ್ಲಿ ಅದೆ. ನಾನು ನನ್ ಮಗನ್ನ ನೋಡ್ದೆ. ಮರ ಉದ್ದಕ್ಕೇ ಬತ್ತದೆ, ಗೋಡೆ ಮೇಲೇ ಕುಯ್ಕತ್ತಾರೆ ಅನ್ಕಂಡಿದ್ದೆ. ನಮ್ ಕಾಲ್ದಲ್ಲೆಲ್ಲ ಅಂಗೇ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಊರ ಆಚಾರಿಗಳು ಉದ್ದುದ್ದ ತೊಲೆ ತಂದು ಗೋಡೆ ಹತ್ತಿ ಕೂತು ಗರಗಸ ಹಾಕುವುದನ್ನೇ ಜವರಯ್ಯ ಹುಟ್ಟಿದಾಗಿನಿಂದ ನೋಡಿದ್ದು. ಆದರೆ ಪ್ರಮೀಳಾಳ ಸಿಟ್ಟು ಅದಕ್ಕಲ್ಲ.

"ಗೋಡೆ ಸರಿಸಿದ್ದಕ್ಕೆ ನಂಗೆ ಬೇಜಾರಿಲ್ಲ ಮಾವ. ಒಂದ್ ಮಾತು ಅಂದಿದ್ರೆ ಅಳತೆ ಬದ್ಲಾಯಿಸ್ತಿದ್ದೆ. ಟ್ರಸ್ಸು ಸಾಲ್ದೇ ಹೋದಾಗ್ಲಾದ್ರೂ ಸುಮ್ನಿರ್ಬೋದಿತ್ತು. ಅಷ್ಟ್ ಜನದ ಮುಂದೆ ನನ್ ಮೇಲೆ ಹಾಕುದ್ರಲ್ಲ, ಅದು ಯಾವ ಆಯ?"

ಅವತ್ತು ಕೇಳಿಸಿಕೊಂಡವರನ್ನೆಲ್ಲ ಕರೆದು ನಿಜ ಹೇಳಿ ಎಂದಳು. ಅದು ಮಾತ್ರ ಆಗುವುದಿಲ್ಲ ಎಂದರು ಜವರಯ್ಯ. ಊರ ನ್ಯಾಯ ಹೇಳುವ ಮನುಷ್ಯ, ಈ ವಯಸ್ಸಿನಲ್ಲಿ ಹತ್ತು ಜನರ ಮುಂದೆ ಸುಳ್ಳ ಅನ್ನಿಸಿಕೊಳ್ಳಲೇ ಎಂದು ಉಲ್ಟಾ ಅವಳ ಮೇಲೇ ರೇಗಿದರು. ಬೇಕಾದರೆ ಆಫೀಸಿಗೆ ಹೋಗಿಕೊ, ಟ್ರಸ್ಸೂ ಹೊಸದಾಗಿ ಮಾಡಿಸುತ್ತೇನೆ, ಇದನ್ನು ಇಲ್ಲಿಗೇ ಬಿಡು ಎಂದು ದೊಡ್ಡ ಉಪಕಾರ ಮಾಡುವವರ ಹಾಗೆ ಹೇಳಿದರು. ಪ್ರಮೀಳಾ ಬಿಡಲಿಲ್ಲ. ಅವತ್ತಿನಿಂದ ಅವಳು ಮಾವನಿಗೆ ಬಡಿಸುವುದನ್ನು ನಿಲ್ಲಿಸಿದಳು. ಅಡಿಗೆ ಮಾಡುತ್ತಿದ್ದಳು, ಪಾತ್ರೆಯನ್ನು ತಂದು ಅತ್ತೆಯ ಮುಂದೆ ಇಟ್ಟು ಒಳಗೆ ಹೋಗುತ್ತಿದ್ದಳು. ಗಂಡನ ಜತೆ ಮಾತು ಉಪ್ಪು ಇದೆ, ಉಪ್ಪು ಇಲ್ಲ ಎಂಬಲ್ಲಿಗೆ ನಿಂತಿತು.

ಟ್ರಸ್ಸುಗಳು ಲಾರಿ ಹತ್ತಿ ಕೆ.ಆರ್. ಪೇಟೆಗೆ ವಾಪಸು ಹೋದವು. ಪ್ರಮೀಳಾ ಅಳೆದು ಕೊಟ್ಟ ಹೊಸ ಅಳತೆಗೆ ಅಡ್ಡಮರ ಬಿಚ್ಚಿ ಹೊಸದು ಹಾಕಬೇಕೆಂದು ನಾಗಾರ್ಜುನ ವಾರಗಟ್ಟಲೆ ಸಮಯ ಕೇಳಿದ. ಆ ವಾರಗಳಲ್ಲಿ ಊರಿನ ಬಾಯಿ ಸುಮ್ಮನಿತ್ತೇ? ಸೊಸೆ ಕೆಡಿಸಿದ್ದನ್ನು ಮಾವ ಕೈಯಿಂದ ದುಡ್ಡು ಹಾಕಿ ಸರಿ ಮಾಡಿಸುತ್ತಿದ್ದಾನೆ, ದೊಡ್ಡ ಮನುಷ್ಯ ಎಂದರು. ಡೈರಿಯಲ್ಲಿ ಹಾಲು ಅಳೆಯುವಾಗ, ನಿನ್ನ ಹೆಂಡತಿಯನ್ನು ಕರೆಸಬೇಡಪ್ಪ, ಲೀಟರಿಗೆ ಮುಕ್ಕಾಲು ಬರೆದಾಳು ಎಂದು ಲೋಕೇಶನನ್ನು ರೇಗಿಸಿದರು. ಅವನು ಹಲ್ಲು ಬಿಟ್ಟುಕೊಂಡು ನಿಂತ. ಅಲ್ಲಿಗೂ ಮುಗಿಯಲಿಲ್ಲ. ಚಿನಕುರಳಿಯ ಒಬ್ಬರು ಪ್ಲಾನು ಮಾಡಿಸಲು ಆಫೀಸಿಗೆ ಬಂದವರು ಅವಳ ಮುಖ ನೋಡಿ, ಇವರ ಕೈಯಲ್ಲಿ ಬೇಡ, ಬೇರೆಯವರಿಂದ ಬರೆಸಿ ಎಂದು ಇಂಜಿನಿಯರಿಗೆ ಅವಳ ಎದುರಿಗೇ ಹೇಳಿದರು. ಇಂಜಿನಿಯರು ಒಳ್ಳೆಯವರೇ. ಆದರೂ ಮಾರನೆ ದಿನದಿಂದ ಅವಳಿಗೆ ಹೊಸ ಪ್ಲಾನು ಕೊಡದೆ ಹಳೇ ಕಾಗದಗಳ ನಕಲು ತೆಗೆಯಲು ಹಚ್ಚಿದರು. ಆಫೀಸಿಗೆ ಹೋಗಿಕೊ ಎಂದ ಮಾವನ ಉಪಕಾರದ ಬೆಲೆ ಅಷ್ಟೇ ಎಂದು ಅವಳಿಗೆ ಅವತ್ತು ಚೆನ್ನಾಗಿ ತಿಳಿಯಿತು.

ಟ್ರಸ್ಸು ಮತ್ತೆ ಬಂದವು. ಜವರಯ್ಯ ಗಳಿಗೆ ಇಡಿಸಿದರು, ಅದೇ ಜನರನ್ನು ಕರೆದರು. ಬೆಳಿಗ್ಗೆ ಪುಟ್ಟಗೌರಮ್ಮ ಆರತಿ ತಟ್ಟೆಯನ್ನು ಸೊಸೆಯ ಕೈಗೆ ಕೊಡಲು ಬಂದರೆ, ಅವಳು ಸೀರೆಗೆ ಪಿನ್ನು ಹಾಕಿಕೊಳ್ಳುತ್ತಾ, ಆಫೀಸಿದೆ ಅತ್ತೆ ಎಂದಳು. ಬಾಗಿಲಲ್ಲಿ ಲೋಕೇಶ್ ಅಡ್ಡ ನಿಂತ. ಅವನನ್ನು ಬಳಸಿಕೊಂಡು ಬಸ್ ಸ್ಟಾಪಿಗೆ ನಡೆದಳು.

ಹನ್ನೊಂದು ಗಂಟೆ ಸುಮಾರಿಗೆ ಆಫೀಸಿನಲ್ಲಿ ಅವಳ ಫೋನು ಬಡಿಯಿತು. ಲೋಕೇಶನ ನಂಬರು, ಆದರೆ ಮಾತಾಡಿದ್ದು ಜವರಯ್ಯ. ನಾಗಾರ್ಜುನ ಟ್ರಸ್ಸು ಎತ್ತುವುದಿಲ್ಲ ಅನ್ನುತ್ತಿದ್ದಾನೆ. ಹೋದ ಸಲ ತನ್ನ ಹೆಸರೂ ಕೆಟ್ಟಿತು, ಈ ಸಲ ಅಳತೆ ಕೊಟ್ಟವರೇ ಬಂದು ಗೋಡೆಗೆ ಟೇಪು ಹಿಡಿದು ಹೂಂ ಅಂದರೆ ಮಾತ್ರ ಹಗ್ಗ ಕಟ್ಟುವುದು ಎಂದು ಲಾರಿ ಪಕ್ಕದಲ್ಲಿ ಕೂತುಬಿಟ್ಟಿದ್ದಾನೆ.

"ಅನ್ನೆರಡು ದಾಟುದ್ರೆ ಗಳಿಗೆ ಓಯ್ತದೆ ಕಣವ್ವ. ಆಟೋ ಮಾಡ್ಕಂಡು ಬಂದ್ಬುಡು."

"ಅಲ್ಲಿ ಯಾರ್ಯಾರವ್ರೆ ಮಾವ?"

"ಎಲ್ಲಾರೂ ಅವ್ರೆ."

"ಸ್ಪೀಕರ್ ಹಾಕ್ಸಿ. ಗೋಡೆ ಎಳೆಸಿದ್ದು ಯಾರು ಅಂತ ಅವ್ರಿಗೆ ಹೇಳಿ. ಬತ್ತೀನಿ."

ಆ ಕಡೆ ಯಾರೋ ಗಳಿಗೆ ಗಳಿಗೆ ಅನ್ನುತ್ತಿದ್ದರು. ಲೋಕೇಶ್ ಏನೋ ಪಿಸುಗುಟ್ಟಿದ. ಪ್ರಮೀಳಾ ಫೋನನ್ನು ಮೇಜಿನ ಮೇಲಿಟ್ಟು ತಾನೂ ಸ್ಪೀಕರ್ ಹಾಕಿದಳು. ಇಂಜಿನಿಯರು ಕನ್ನಡಕ ತೆಗೆದು ಇತ್ತ ನೋಡಿದರು. ಅವಳು ಅವರಿಗೂ ಕೇಳಲಿ ಎಂದೇ ಹಾಕಿದ್ದು.

"ಗೋಡೆ ಎಳೆಸಿದ್ದು ನಾನು ಕಣ್ರಪ್ಪ" ಎಂದರು ಜವರಯ್ಯ. ದನಿ ಎತ್ತರಕ್ಕೆ ಬರಲಿಲ್ಲ.

"ಅವ್ರಿಗೆ ಕೇಳಿಸ್ತೋ ಇಲ್ವೋ ಮಾವ."

"ಗೋಡೆ ಎಳೆಸಿದ್ದು ನಾನು. ಆಯ ನೋಡ್ಸಿ ಎಳೆಸ್ದೆ. ನನ್ ಸೊಸೆ ಕೊಟ್ಟ ಅಳತೆ ಸರಿಯಾಗಿತ್ತು. ಅವತ್ತು ಅವಳ ಮೇಲೆ ಸುಳ್ಳು ಹೇಳ್ದೆ." ಈ ಸಲ ಎಲ್ಲರಿಗೂ ಕೇಳಿಸಿತು. ಅಲ್ಲಿ ಯಾರೋ ಒಬ್ಬರು ಕೆಮ್ಮಿದರು.

ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು ಪ್ರಮೀಳಾ. ಆಗಲಿಲ್ಲ. ಇಷ್ಟೇ ಇಷ್ಟು ಮಾತಿಗೆ ಇಷ್ಟು ದಿನ ತನ್ನನ್ನು ಸುಟ್ಟರಲ್ಲ ಎಂದು ಸಿಟ್ಟು ಇನ್ನೂ ಏರಿತು. ಬರುತ್ತೇನೆ ಎಂದು ಹೇಳಿ ಫೋನು ಇಟ್ಟಳು. ಇಂಜಿನಿಯರು, ಹೋಗಿ ಬಾಮ್ಮ, ಚಿನಕುರಳಿಯವರ ಪ್ಲಾನು ನಾಳೆ ನೀನೇ ಶುರು ಮಾಡು ಎಂದರು. ಅವಳು ತಲೆಯಾಡಿಸಿ ಬ್ಯಾಗು ಎತ್ತಿಕೊಂಡಳು.

ಹೊರಗೆ ಬಂದರೆ ಆಟೋದವನು ಪಾಂಡವಪುರಕ್ಕಾ ಅಕ್ಕ ಎಂದು ಕೇಳಿದ. ಊರಿಗೆ ದಾರಿಯೂ ಅದೇ, ಹತ್ತಿದ್ದರೆ ಗಳಿಗೆಗೆ ಸರಿಯಾಗಿ ಸೇರಬಹುದಿತ್ತು. ಬೇಡ ಎಂದು ಅವಳು ಬಸ್ಸಿಗೇ ನಿಂತಳು.